ವೆಂಕಟೇಶಪ್ಪ ಕೇಳಿದರೆ ಕೊಡಬಾರದು

ಚಳ್ಳಕೆರೆ
11 ಜೂನ್ 2024

ವೆಂಕಟೇಶಪ್ಪನವರಿಗೆ,

ನಾನು ಚಳ್ಳಕೆರೆಯ ಜವಳಿ ಅಂಗಡಿ ಏಕಾಂತಪ್ಪನವರ ಹೆಂಡತಿ ದಾಕ್ಷಾಯಿಣಿ. ನೀವು ನೇಯ್ದ ಸೀರೆ ಕೊಡಲು ಬಂದಾಗ ನಿಮ್ಮನ್ನು ಅಂಗಡಿಯಲ್ಲಿ ಒಂದೆರಡು ಸಲ ನೋಡಿದ್ದೇನೆ, ಮಾತಾಡಿದ್ದಿಲ್ಲ. ಅವರ ಪುಸ್ತಕದಲ್ಲಿದ್ದ ನಂಬರಿಗೆ ಫೋನ್ ಮಾಡಿದಾಗ ನಿಮ್ಮ ಮಗಳು ಎತ್ತಿದರು. "ಮಗ್ಗದ ಸದ್ದಿಗೆ ನಮ್ಮಪ್ಪಂಗೆ ಎರಡೂ ಕಿವಿ ಹೋಗೈತ್ರಿ. ಫೋನಾಗೆ ಏನೂ ಕೇಳಲ್ಲ. ಕಾಗದ ಬರೀರಿ, ಓದ್ತಾರೆ" ಅಂದರು. ಏನು ವಿಷಯ ಅಂತ ಕೇಳಿದರು. ಸೀರೆ ವಿಷಯ ಅಂದೆ. ಅವರಿಗೆ ಬೇರೇನೂ ಹೇಳಿಲ್ಲ.

ಏಕಾಂತಪ್ಪನವರು ಫೆಬ್ರವರಿ ಎಂಟರಂದು ಲಿಂಗೈಕ್ಯರಾದರು. ಎದೆನೋವು ಬಂದು ಒಂದು ಗಂಟೆಯೂ ಇರಲಿಲ್ಲ.

ಹೋದ ವಾರ ಮಗ ಮಲ್ಲಿಕ್ ಅಂಗಡಿಯ ಅಟ್ಟ ಖಾಲಿ ಮಾಡಿಸಿದ. ಹಳೆಯ ಥಾನುಗಳ ಹಿಂದೆ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಪೆಟ್ಟಿಗೆಯೊಳಗೆ ಒಂದು ಬ್ರಾಂದಿ ಸೀಸೆ. ಬಿರಡೆಯ ಮೇಲಿನ ಅರಗು ಒಡೆದಿಲ್ಲ. ಸೀಸೆಯ ಕೊರಳಿಗೆ ದಾರದಿಂದ ಒಂದು ಚೀಟಿ ಕಟ್ಟಿದೆ. ಅಕ್ಷರ ನನ್ನ ಗಂಡನದೇ. "ವೆಂಕಟೇಶಪ್ಪ ಕೇಳಿದರೆ ಕೊಡಬಾರದು."

ಈ ಪೆಟ್ಟಿಗೆಯನ್ನು ನಾನು ಹದಿನಾರು ವರ್ಷದ ಹಿಂದೆ ನಮ್ಮ ಮನೆಯ ಬೀರುವಿನಲ್ಲಿ ನೋಡಿದ್ದೆ. ಅವತ್ತು ಇದ್ದದ್ದು ಇದೇ ಸೀಸೆಯೋ, ಅದು ಮುಗಿದ ಮೇಲೆ ಬಂದದ್ದೋ ನನಗೆ ಗೊತ್ತಿಲ್ಲ. ಜೊತೆಗೆ ಕುಡಿಯುವವನಿಗೂ ಕೊಡದೆ ಬಚ್ಚಿಟ್ಟುಕೊಳ್ಳುವಷ್ಟು ಆಸೆ ಇತ್ತು ಅಂತ ಮಾತ್ರ ಈ ಚೀಟಿಯಿಂದ ತಿಳಿಯಿತು.

ಕಾರ್ತಿಕದಲ್ಲಿ ಮಠದ ದಾಸೋಹದ ಮನೆಗೆ ಅವರ ಹೆಸರಿಡಿಸಬೇಕು ಅಂತ ಮಲ್ಲಿಕ್ ಓಡಾಡುತ್ತಿದ್ದಾನೆ. ಅವನು ಚೀಟಿ ನೋಡುವ ಮೊದಲೇ ನಾನು ತೆಗೆದಿಟ್ಟುಕೊಂಡೆ. ಅನ್ನ ಬಡಿಸುವ ಜಾಗಕ್ಕೆ ಕುಡಿದವರ ಹೆಸರು ಇಡಿಸಿ ನಾನು ಪಾಪ ಕಟ್ಟಿಕೊಳ್ಳಲಾರೆ. ಅವರು ಕುಡಿಯುತ್ತಿದ್ದರೋ ಇಲ್ಲವೋ, ನಿಮಗೆ ಗೊತ್ತಿರುತ್ತದೆ. ಒಂದೇ ಮಾತು ಬರೆದು ತಿಳಿಸಿ.

ದಾಕ್ಷಾಯಿಣಿ


ಮೊಳಕಾಲ್ಮೂರು
20 ಜೂನ್ 2024

ದಾಕ್ಷಾಯಿಣಮ್ಮನವರಿಗೆ ನಮಸ್ಕಾರಗಳು.

ಏಕಾಂತಪ್ಪನವರು ಹೋದದ್ದು ನಿಮ್ಮ ಕಾಗದದಿಂದಲೇ ನನಗೆ ತಿಳಿದದ್ದು. ಸಂಕ್ರಾಂತಿಯ ನಂತರ ಅವರು ಈ ಕಡೆ ಬಂದಿರಲಿಲ್ಲ. ಮಂಡಿನೋವು ಅನ್ನುತ್ತಿದ್ದರು, ಅದಕ್ಕೇ ಇರಬೇಕು ಅಂದುಕೊಂಡಿದ್ದೆ. ಕಾಗದ ಓದಿದ ಮೇಲೆ ಮೂರು ದಿನ ಮಗ್ಗಕ್ಕೆ ಇಳಿಯಲಿಲ್ಲ.

ಅವರು ದೊಡ್ಡ ಮನುಷ್ಯರು. ಅವರ ಹೆಸರು ಎಲ್ಲಿಟ್ಟರೂ ಆ ಜಾಗಕ್ಕೇ ಮರ್ಯಾದೆ.

ಸೀಸೆಯ ವಿಷಯ ಬಿಟ್ಟುಬಿಡಿ ತಾಯಿ. ಹಳೆಯ ಮಾತು. ಗಂಡಸರ ನಡುವೆ ಏನೇನೋ ಇರುತ್ತದೆ, ಅದನ್ನು ಈಗ ಕೆದಕಿ ಯಾರಿಗೆ ಏನು ಬರಬೇಕಾಗಿದೆ? ಹಿತ್ತಲಲ್ಲಿ ಚೆಲ್ಲಿಬಿಡಿ. ಚೀಟಿ ಸುಟ್ಟುಬಿಡಿ.

ಇನ್ನೊಂದು ಪ್ರಾರ್ಥನೆ. ನನ್ನ ಮಗಳು ಶ್ರೀವಾಣಿ ಬಿ.ಜಿ. ಕೆರೆಯಲ್ಲಿ ಟೀಚರ್. ಶನಿವಾರ, ಭಾನುವಾರ ಮನೆಗೆ ಬರುತ್ತಾಳೆ. ಮತ್ತೆ ಬರೆಯುವುದಿದ್ದರೆ ವಾರದ ಮೊದಲಿಗೇ ತಲುಪುವಂತೆ ಬರೆಯಿರಿ.

ಇಂತಿ ನಿಮ್ಮ
ವೆಂಕಟೇಶಪ್ಪ


ಚಳ್ಳಕೆರೆ
1 ಜುಲೈ 2024

ವೆಂಕಟೇಶಪ್ಪನವರಿಗೆ,

ಒಂದೇ ಮಾತು ಕೇಳಿದ್ದೆ. "ಕುಡಿಯುತ್ತಿರಲಿಲ್ಲ" ಅಂತ ಬರೆಯಲು ನಿಮ್ಮ ಕೈಲಿ ಆಗಲಿಲ್ಲ. ಗಂಡಸರ ನಡುವೆ ಏನೇನೋ ಇರುತ್ತದೆ ಅಂತ ಬರೆದಿರಿ. ನನಗೆ ಅರ್ಥವಾಯಿತು. ಮಲ್ಲಿಕ್‌ನನ್ನು ಕೂರಿಸಿಕೊಂಡು ಹೇಳಿದೆ: ಮಠಕ್ಕೆ ಬೇಕಾದರೆ ಅಕ್ಕಿ ಬೇಳೆ ಕೊಡು, ನಿಮ್ಮಪ್ಪನ ಹೆಸರು ಬೇಡ. ಯಾಕವ್ವ ಅಂದ. ನಾನು ಬದುಕಿರುವತನಕ ಬೇಡ ಅಂದೆ. ಅವನು ನನ್ನ ಜೊತೆ ಮಾತು ಬಿಟ್ಟು ನಾಲ್ಕು ದಿನವಾಯಿತು.

ನೀವು ನನ್ನನ್ನು ಕಲ್ಲೆದೆಯವಳು ಅಂದುಕೊಳ್ಳಬಹುದು. ನನ್ನ ತವರು ಇದೇ ಊರಿನ ಎಣ್ಣೆ ಮಿಲ್ಲು. ಕಡಲೆಕಾಯಿ ಎಣ್ಣೆಯನ್ನು ಅಂಗೈಗೆ ಹಾಕಿ ಉಜ್ಜಿ ಮೂಸಿದರೆ ಹೊಸ ಕಾಯಿಯದೋ, ಮುಗ್ಗಿದ ಕಾಯಿಯದೋ ಹೇಳುತ್ತಿದ್ದೆ. ನಮ್ಮಪ್ಪ ಪೀಪಾಯಿ ಕಳಿಸುವ ಮೊದಲು ನನ್ನನ್ನು ಕರೆಯುತ್ತಿದ್ದ. ಇಂಥ ನನ್ನ ಮೂಗಿಗೆ, 2008ರಿಂದ ಎರಡು ವರ್ಷದೊಳಗೆ ಮೂರು ಸಲ, ಸಂಜೆ ಬಂದ ಗಂಡನ ಅಂಗಿಯ ಎದೆಭಾಗದಲ್ಲೆಲ್ಲ ಸಾರಾಯಿ ವಾಸನೆ ಹೊಡೆಯಿತು. ಮೂರು ಸಲವೂ ಅವರು ಹೋಗಿದ್ದದ್ದು ಮೊಳಕಾಲ್ಮೂರಿಗೆ. ನಿಮ್ಮ ಮನೆಗೆ.

ಬೀರುವಿನಲ್ಲಿ ಆ ಪೆಟ್ಟಿಗೆ ಕಂಡ ದಿನ ಕೇಳಿದ್ದೆ. "ಅದು ನಂದಲ್ಲ" ಅಂದರು. "ಮತ್ಯಾರದು?" ಅಂದೆ. "ಹೇಳಂಗಿಲ್ಲ ದಾಕ್ಷಾಯಿಣಿ" ಅಂದರು. ಕುಡಿಯುವ ಗಂಡಸರೆಲ್ಲ ಹೆಂಡತಿಗೆ ಹೇಳುವ ಮಾತು ಇದೇ ಅಲ್ಲವೇ? ಮಾರನೇ ದಿನ ಪೆಟ್ಟಿಗೆ ಮನೆಯಲ್ಲಿರಲಿಲ್ಲ.

ಅವತ್ತಿನಿಂದ ಅವರ ತಟ್ಟೆ ಬೇರೆ, ಲೋಟ ಬೇರೆ. ಊಟ ಪಡಸಾಲೆಗೆ ಕಳಿಸುತ್ತಿದ್ದೆ. ಲಿಂಗಪೂಜೆಗೆ ಜೊತೆಗೆ ಕೂರಲಿಲ್ಲ. ಹದಿನಾರು ವರ್ಷ. ಅವರು ಒಂದು ದಿನವೂ ಜಗಳವಾಡಲಿಲ್ಲ. ತಪ್ಪಿಲ್ಲದವರು ಹಾಗೆ ಸುಮ್ಮನಿರುತ್ತಾರಾ?

ಇನ್ನು ನಾನು ಬರೆಯುವುದಿಲ್ಲ.

ದಾಕ್ಷಾಯಿಣಿ


ಮೊಳಕಾಲ್ಮೂರು
2 ಆಗಸ್ಟ್ 2024

ತಾಯಿ,

ಒಂದು ತಿಂಗಳಿಂದ ಈ ಕಾಗದ ಬರೆದು ಹರಿದು ಹಾಕುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಟ್ಟೆ ಬೇರೆಯಾದದ್ದು ನನಗೆ ಗೊತ್ತಿರಲಿಲ್ಲ. ನಿಮಗೆ ಅನುಮಾನವಿದೆ ಅಂತ ಮಾತ್ರ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಸುಮ್ಮನಿದ್ದೆ.

ಆ ಸೀಸೆ ನನ್ನದು. ಏಕಾಂತಪ್ಪನವರು ಅದನ್ನು ಮುಟ್ಟಿ ಮುಚ್ಚಿಟ್ಟದ್ದು ಬಿಟ್ಟರೆ ಇನ್ನೇನೂ ಮಾಡಿಲ್ಲ. ಅವರು ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ಕುಡಿಯುತ್ತಿದ್ದವನು ನಾನು.

2007ರಲ್ಲಿ ಸ್ಕಾಟ್ಲೆಂಡಿನಿಂದ ಹೆಲೆನ್ ಅನ್ನುವ ಹೆಂಗಸು ನೇಯ್ಗೆ ನೋಡಲು ಬಂದಿದ್ದಳು. ಹತ್ತು ದಿನ ನನ್ನ ಮಗ್ಗದ ಪಕ್ಕ ಕೂತಿದ್ದಳು. ನವಿಲಿನ ಬುಟ್ಟಾ ಇರುವ ಒಂದು ಸೀರೆ ನೇಯಲು ಹೇಳಿ ಹೋದಳು. ನಾನು ಬೆಳಿಗ್ಗೆ ಮೂರು ತಾಸು ನೆಟ್ಟಗಿರುತ್ತಿದ್ದೆ, ಆ ಮೂರು ತಾಸಿನಲ್ಲೇ ನಾಲ್ಕು ತಿಂಗಳು ನೇಯ್ದೆ. ಸೀರೆ ತಲುಪಿದ ಮೇಲೆ, ಯಾರೋ ಬರುವವರ ಕೈಯಲ್ಲಿ ಈ ಪೆಟ್ಟಿಗೆ ಕಳಿಸಿದಳು. ಜೊತೆಗೊಂದು ಕಾಗದ. ನಮ್ಮ ಓಣಿಯ ರಾಘವೇಂದ್ರ ಮೇಷ್ಟ್ರು ಓದಿ ಹೇಳಿದರು. ಅದು ಬ್ರಾಂದಿ ಅಲ್ಲ, ವಿಸ್ಕಿ. ಒಂದೇ ಊರಿನ ಒಂದೇ ಕಾರ್ಖಾನೆಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ್ದು. ಸಿಂಗಲ್ ಮಾಲ್ಟ್ ಅನ್ನುತ್ತಾರಂತೆ. ಅವಳ ಅಪ್ಪ ಅಲ್ಲಿ ಮರದ ಪೀಪಾಯಿ ಮಾಡುತ್ತಿದ್ದನಂತೆ. ಅವಳು ಹುಟ್ಟಿದ 1966ರಲ್ಲಿ ಅವನ ಪೀಪಾಯಿಗೆ ತುಂಬಿಸಿದ್ದು ನಲವತ್ತು ವರ್ಷ ಆ ಮರದೊಳಗೇ ಇತ್ತಂತೆ. "ನನ್ನ ಅಪ್ಪನೂ ನಿಮ್ಮ ಹಾಗೆ ಕೈಕೆಲಸದವನು, ತಾಳ್ಮೆಯವನು. ಅದಕ್ಕೆ ಇದನ್ನು ನಿಮಗೆ ಕೊಡಬೇಕನಿಸಿತು" ಅಂತ ಬರೆದಿದ್ದಳು. ನಾನು ಎಂಥವನು ಅಂತ ಅವಳಿಗೆ ಗೊತ್ತಿರಲಿಲ್ಲ.

ಅದನ್ನು ತೆರೆಯುವ ಮೊದಲೇ ಸಂಭ್ರಮಕ್ಕೆ ಅಗ್ಗದ್ದು ಕುಡಿದೆ. ಮಧ್ಯಾಹ್ನ ನೂಲಿಗೆ ಕೆಂಪು ಬಣ್ಣ ಕುದಿಸಬೇಕಿತ್ತು. ಒಲೆಯ ಕಲ್ಲು ಸರಿಯಾಗಿ ಕೂರಿಸಲಿಲ್ಲ. ಕೊಪ್ಪರಿಗೆ ವಾಲುತ್ತಿದ್ದುದು ಕಣ್ಣಿಗೆ ಕಂಡಿತು, ಎದ್ದು ಸರಿಮಾಡಲಿಲ್ಲ. ಶ್ರೀವಾಣಿಗೆ ಆಗ ಒಂಬತ್ತು ವರ್ಷ. ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕುದಿಯುವ ಬಣ್ಣ ಅವಳ ಎಡತೋಳಿನ ಮೇಲೆ ಬಿತ್ತು.

ನೀರಿಗೆ ಹೋಗಿದ್ದ ನನ್ನ ಹೆಂಡತಿ ಚಿತ್ತಮ್ಮ ಕೂಗು ಕೇಳಿ ಓಡಿಬಂದಾಗ ನಾನು ಹೇಳಿದೆ: "ಹುಡುಗಿ ಓಡ್ತಾ ಬಂದು ಕೊಪ್ಪರಿಗೆ ತಾಗಿಸಿದಳು." ಎಲ್ಲರಿಗೂ ಅದನ್ನೇ ಹೇಳಿದೆ. ಮಗುವಿಗೂ ಅದನ್ನೇ ಹೇಳಿದೆ. ಹೇಳಿ ಹೇಳಿ ಅವಳೂ ನಂಬಿದಳು. ಚಿತ್ತಮ್ಮನಿಗೆ ನಿಜ ಗೊತ್ತಾಗಿರಬೇಕು, ಬಾಯಿ ಬಿಡಲಿಲ್ಲ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಆ ದಿನ ಸೀರೆ ನೋಡಲು ಬಂದ ಏಕಾಂತಪ್ಪನವರು ಮಗುವನ್ನು ಎತ್ತಿಕೊಂಡು ತಮ್ಮ ಜೀಪಿನಲ್ಲಿ ಚಳ್ಳಕೆರೆ ಆಸ್ಪತ್ರೆಗೆ ಸೇರಿಸಿದರು. ಅವರಿಗೊಬ್ಬರಿಗೆ ನಿಜ ಹೇಳಿದೆ. ಹೇಳಿ ಪೆಟ್ಟಿಗೆ ಅವರ ಕೈಗಿಟ್ಟೆ. "ಒಡೆದು ಹಾಕು" ಅಂದರು. "ಒಡೆದ್ರೆ ಹೋಯ್ತಲ್ಲ ಅಂತ ಇನ್ನೊಂದು ಕುಡೀತೀನಿ. ಎಲ್ಲೋ ಮುಚ್ಚಿಟ್ಟೈತೆ ಅಂತ ಗೊತ್ತಿದ್ರೆ ನಾನೂ ಬಾಯಿ ಮುಚ್ಕೊಂಡು ಇರ್ತೀನಿ. ನಾನೇ ಬಂದು ಕೇಳಿದ್ರೂ ಕೊಡಬ್ಯಾಡ್ರಿ" ಅಂದೆ. ಆ ಚೀಟಿ ನನ್ನ ಮಾತು. ಅವರು ಬರೆದಿಟ್ಟುಕೊಂಡರು, ಅಷ್ಟೆ.

ನಾನು ಮೂರು ಸಲ ತಡೆಯಲಾರದೆ ಕುಡಿದು ನಿಮ್ಮ ಅಂಗಡಿಗೆ ಹೋಗಿ ಕೇಳಿದೆ. ಒಂದು ಸಲ ಕಾಲು ಹಿಡಿದುಕೊಂಡೆ. "ಇವತ್ತು ಬ್ಯಾಡ ಕಣೋ, ನಾಳೆ ಬಾ" ಅಂದು, ನನ್ನನ್ನು ಎದೆಗೆ ಆನಿಸಿಕೊಂಡು ಮೊಳಕಾಲ್ಮೂರಿನ ತನಕ ಬಂದು ಮನೆಗೆ ಬಿಟ್ಟು ಹೋಗುತ್ತಿದ್ದರು. ಅವರ ಅಂಗಿಯ ಮೇಲಿದ್ದ ವಾಸನೆ ನನ್ನದು. ಮೂರನೇ ಸಲದ ಮೇಲೆ, 2010ರಿಂದ, ನಾನು ಮುಟ್ಟಿಲ್ಲ.

"ಮನೇಲಿ ನಂದು ಅಂತ ತಿಳ್ಕೊಂಡವ್ಳೆ" ಅಂತ ಅವರು ಒಮ್ಮೆ ಅಂದಿದ್ದರು. ನಿಜ ಹೇಳಿಬಿಡಿ ಅಂದೆ. "ನಿಂದು ಅಂದ್ರೆ ಯಾಕೆ ಕೊಟ್ಟ ಅಂತಾಳೆ. ಅದು ಹೇಳಿದ್ರೆ ಮಗು ವಿಷ್ಯ ಬರ್ತೈತೆ. ಹುಡುಗಿ ದೊಡ್ಡೋಳಾಗ್ಲಿ, ಆಮೇಲೆ ನೋಡಾನ" ಅಂದರು. ಹುಡುಗಿ ದೊಡ್ಡವಳಾಗಿ ಎಷ್ಟೋ ವರ್ಷವಾಯಿತು. ಅವರು ಮತ್ತೆ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಮಲ್ಲಿಕ್‌ಗೆ ಈ ಕಾಗದ ತೋರಿಸಿ. ನನ್ನ ಹೆಸರು ಮುಚ್ಚಬೇಕಾಗಿಲ್ಲ.

ವೆಂಕಟೇಶಪ್ಪ


ಚಳ್ಳಕೆರೆ
9 ಆಗಸ್ಟ್ 2024

ವೆಂಕಟೇಶಪ್ಪನವರಿಗೆ,

ಕಾಗದ ತಲುಪಿತು.

ಮಲ್ಲಿಕ್‌ಗೆ ತೋರಿಸಿಲ್ಲ. ನಿಮ್ಮ ಮಗಳಿಗೆ ತಿಳಿಯದ್ದು ನನ್ನ ಮಗನಿಗೆ ಮೊದಲು ತಿಳಿಯಬಾರದು. ಹೆಸರಿಡಿಸು, ನಾನು ತಪ್ಪು ತಿಳಿದಿದ್ದೆ ಅಂತ ಮಾತ್ರ ಹೇಳಿದೆ.

ಸೀಸೆ ನಿಮ್ಮದು. ಏನು ಮಾಡಲಿ?

ದಾಕ್ಷಾಯಿಣಿ


ಮೊಳಕಾಲ್ಮೂರು
26 ಆಗಸ್ಟ್ 2024

ತಾಯಿ,

ಶ್ರೀವಾಣಿಗೆ ಹೇಳಿದೆ. ಹದಿನೆಂಟನೇ ತಾರೀಖು ಭಾನುವಾರ, ಊಟಕ್ಕೆ ಮೊದಲು. ಪೂರ್ತಿ ಹೇಳಿದೆ. ಅವಳ ತುಟಿ ಅಲುಗಿದ್ದು ಕಾಣಿಸಿತು, ಏನಂದಳೋ ಕೇಳಲಿಲ್ಲ. ನಾವು ಮಾತಿಗೆ ಇಟ್ಟುಕೊಂಡಿರುವ ನೋಟ್‌ಬುಕ್ ಮುಂದಿಟ್ಟೆ. ಮನೆಯಲ್ಲಿ ನಾವು ತೆಲುಗು ಆಡುವವರು. "ಅಯ್ತೇ ನೇನು ಪರಿಗೆತ್ತಲೇದಾ, ನಾಯ್ನಾ?" ಅಂತ ಬರೆದಳು. ಹಾಗಾದರೆ ನಾನು ಓಡಿರಲಿಲ್ಲವಾ ಅಪ್ಪಾ, ಅಂತ. ಇಲ್ಲ ಅಂದೆ. ಬ್ಯಾಗು ತಗೊಂಡು ಊಟ ಮಾಡದೆ ಬಿ.ಜಿ. ಕೆರೆಗೆ ಹೋದಳು. ಈ ವಾರ ಬರಲಿಲ್ಲ.

ಸೀಸೆ ನಿಮಗೆ ಸರಿ ಕಂಡಂತೆ ಮಾಡಿ. ನನ್ನ ಊರಿಗೆ ಮಾತ್ರ ಕಳಿಸಬೇಡಿ. ಹದಿನಾಲ್ಕು ವರ್ಷವಾದರೂ ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಒಂದು ಮಾತು ಬರೆಯಬಾರದು, ಬರೆಯುತ್ತೇನೆ. ನಾನು ಬಣ್ಣದವನು. ಎಂಥ ಬಣ್ಣವಾದರೂ ಹೇಗೆ ಬಂತು ಅಂತ ತಿಳಿಯುವತನಕ ನಿದ್ದೆ ಬರುವುದಿಲ್ಲ. ನಲವತ್ತು ವರ್ಷ ಮರದೊಳಗಿದ್ದದ್ದು ಹೇಗಿರುತ್ತದೆ ಅಂತ ಇವತ್ತಿಗೂ ಯೋಚನೆ ಬರುತ್ತದೆ. ಲೋಟಕ್ಕೆ ಚೂರು ಹಾಕಿ ಬಹಳ ಹೊತ್ತು ಬಿಡಬೇಕು, ಆಮೇಲೆ ಒಂದೆರಡು ಹನಿ ನೀರು ಬೆರೆಸಬೇಕು ಅಂತ ಹೆಲೆನ್ ಬರೆದಿದ್ದಳು. ನೀವು ಶರಣರ ಮನೆಯವರು, ಇದನ್ನು ನಿಮಗೆ ಹೇಳುವುದೇ ತಪ್ಪು. ಚೆಲ್ಲುವ ಮೊದಲು ಬಣ್ಣವನ್ನಾದರೂ ನೋಡಿ ಬರೆಯಿರಿ.

ವೆಂಕಟೇಶಪ್ಪ


ಚಳ್ಳಕೆರೆ
16 ಸೆಪ್ಟೆಂಬರ್ 2024

ವೆಂಕಟೇಶಪ್ಪಣ್ಣನವರಿಗೆ,

ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಮಗಳು ನಮ್ಮ ಮನೆಗೆ ಬಂದಳು. ನಾನು ಕರೆದಿರಲಿಲ್ಲ. "ಅವತ್ತು ನನ್ನ ಎತ್ಕೊಂಡು ಬಂದೋರ ಮನೆ ಇದೇ ಏನ್ರಿ?" ಅಂತ ಬಾಗಿಲಲ್ಲಿ ನಿಂತು ಕೇಳಿದಳು. ಒಳಗೆ ಕರೆದೆ. ಅವರ ಫೋಟೋ ಮುಂದೆ ಸುಮಾರು ಹೊತ್ತು ನಿಂತಳು. ಜೀಪಿನಲ್ಲಿ ಯಾರೋ ದಾರಿಯುದ್ದಕ್ಕೂ "ಇಲ್ಲೇ ಬಂತವ್ವ, ಇಲ್ಲೇ ಬಂತು" ಅನ್ನುತ್ತಿದ್ದದ್ದು ಅವಳಿಗೆ ನೆನಪಿದೆಯಂತೆ. ಮುಖ ನೆನಪಿರಲಿಲ್ಲವಂತೆ.

ಸೀಸೆ ಎಲ್ಲಿ ಅಂದಳು. ತೋರಿಸಿದೆ. ಏನು ಮಾಡ್ತೀರಿ ಅಂದಳು. ನಾನು ಎರಡು ವಾರದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಬಾಯಿಗೆ ಬಂದುಬಿಟ್ಟಿತು. "ಹದಿನಾರು ವರ್ಷ ಇದಕ್ಕೋಸ್ಕರ ಒಬ್ರನ್ನ ದೂರ ಇಟ್ಟೆ ಕಣವ್ವ. ಇದು ಏನು ಅಂತನಾದ್ರೂ ನನಗೆ ಗೊತ್ತಾಗಬೇಕು."

ಕೊರಳಲ್ಲಿ ಲಿಂಗ ಇಟ್ಟುಕೊಂಡು ಇದನ್ನು ಮುಟ್ಟುವುದೇ ಅಂತ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ. ಆದರೂ ಮಾಡಿದೆ.

ಬಿರಡೆ ಮುಟ್ಟಿದರೆ ಪುಡಿಯಾಯಿತು. ಅರ್ಧ ಒಳಗೇ ಬಿತ್ತು. ತೆಳ್ಳನೆಯ ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಎರಡು ಚಮಚದಷ್ಟು ಹಾಕಿದೆ. ನೀವು ಕೇಳಿದ ಬಣ್ಣ: ಹಳೆಯ ಬೆಲ್ಲ ಕರಗಿಸಿದರೆ ಬರುವ ಕಪ್ಪುಗೆಂಪು. ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಚೂರು ಹಸಿರು ಓಡಿತು. ಶ್ರೀವಾಣಿ ನೋಡಿ, "ನಮ್ಮ ನಾಯ್ನಾ ಇದನ್ನ ಸಾಯೋತನಕ ನೂಲಿಗೆ ತರೋಕಾಗಲ್ಲ" ಅಂದಳು.

ಮೊದಲು ಮೂಗಿಗೆ ಬರೀ ಚುರುಕು ಬಡಿಯಿತು, ಸ್ಪಿರಿಟ್ ಹಾಗೆ. ಬಿಟ್ಟೆವು. ಅರ್ಧ ಗಂಟೆ ಅವಳು ತನ್ನ ಶಾಲೆಯ ಮಾತಾಡಿದಳು. ಆಮೇಲೆ ನೀರಿನ ಹನಿ ಹಾಕಿದ ಕೂಡಲೇ ವಾಸನೆ ಬಿಚ್ಚಿಕೊಂಡಿತು. ಒಣದ್ರಾಕ್ಷಿ. ಹೊಸದಾಗಿ ಹುರಿದ ಕಡಲೆಕಾಯಿಯ ಕೆಂಪು ಸಿಪ್ಪೆ. ಅಜ್ಜಿಯ ಕಾಲದ ಪೆಟ್ಟಿಗೆಯ ಮುಚ್ಚಳ ತೆಗೆದಾಗಿನ ಮರ. ಎಲ್ಲದರ ಹಿಂದೆ, ಬೆಂಕಿಯ ಪಕ್ಕ ಮಲಗಿದ ಕುರುಬರ ಕಂಬಳಿಯ ಹೊಗೆ.

ನಾಲಿಗೆಗೆ ಮುಟ್ಟಿಸಿದೆ. ಒಂದೇ ಗುಟುಕು. ಸುಡುತ್ತದೆ ಅಂದುಕೊಂಡಿದ್ದೆ, ಸುಡಲಿಲ್ಲ. ಎಣ್ಣೆಯ ಹಾಗೆ ನುಣ್ಣಗೆ ಹರಡಿತು. ಮೊದಲು ಸಿಹಿ, ನಡುವೆ ಒಗರು, ಕೊನೆಗೆ ಸಣ್ಣ ಕಹಿ. ನುಂಗಿದ ಮೇಲೂ ಹೋಗಲಿಲ್ಲ. ಅನ್ನಕ್ಕಿಟ್ಟು ಬಸಿದು ಬಂದೆ, ನಾಲಿಗೆಯ ಬುಡದಲ್ಲಿ ಇನ್ನೂ ಇತ್ತು. ಒಳ್ಳೆಯದು ಅನ್ನಲು ನಾನು ಯಾರು? ಆದರೆ ಯಾರೋ ಬಹಳ ಜೋಪಾನದಿಂದ ಮಾಡಿದ್ದು ಅಂತ ಗೊತ್ತಾಗುತ್ತದೆ.

ಅಣ್ಣಾ, ಆ ಅಂಗಿಯ ಮೇಲಿದ್ದ ವಾಸನೆ ಇದಲ್ಲ. ಹುಳಿ ಹೊಡೆಯುವ ಆ ವಾಸನೆ ನನಗೆ ಇವತ್ತಿಗೂ ನೆನಪಿದೆ. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅವತ್ತು ಬೀರುವಿನಲ್ಲಿ ಕಂಡಾಗಲೇ ನಾನು ಬಿರಡೆ ಕಿತ್ತು ಮೂಸಿದ್ದರೆ ಸಾಕಿತ್ತು. ಎಣ್ಣೆಯ ಪೀಪಾಯಿಗೆ ಮಾಡುತ್ತಿದ್ದ ಅಷ್ಟು ಪರೀಕ್ಷೆಯನ್ನು ನಾನು ಗಂಡನಿಗೆ ಮಾಡಲಿಲ್ಲ. ಕೇಳಿದೆ, ತೀರ್ಪು ಕೊಟ್ಟೆ, ತಟ್ಟೆ ಬೇರೆ ಮಾಡಿದೆ.

ಶ್ರೀವಾಣಿ "ನನಗೂ ಒಂದು ಹನಿ ಕೊಡ್ರಿ" ಅಂದಳು. ಬೇಡವ್ವ ಅಂದೆ. "ನನಗಿಂತ ಜಾಸ್ತಿ ಯಾವುದು ನಮ್ಮ ನಾಯ್ನಾನ ಎಳೀತಿತ್ತೋ ನೋಡ್ತೀನಿ ಕೊಡ್ರಿ" ಅಂದಳು. ಚಮಚದಲ್ಲಿ ಕೊಟ್ಟೆ. ಬಾಯಲ್ಲಿಟ್ಟುಕೊಂಡು ತಲೆ ತಗ್ಗಿಸಿದಳು. ನುಂಗಿ, "ಕೆಟ್ಟದಾಗಿದ್ದಿದ್ರೆ ಚೆನ್ನಾಗಿತ್ತು ಕಣ್ರಿ" ಅಂದು ಅತ್ತಳು. ನಾನೂ ಅತ್ತೆ. ಮಿಕ್ಕದ್ದನ್ನು ಇಬ್ಬರೂ ಹಿತ್ತಲಿಗೆ ಹೋಗಿ ಚೆಲ್ಲಿ, ಸೀಸೆ ತೊಳೆದೆವು. ಊಟ ಮಾಡಿಸಿ ಬಸ್ಸು ಹತ್ತಿಸಿದೆ. ನಿಮ್ಮ ಬಗ್ಗೆ ನಾನು ಏನೂ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಯಾರಿಗೂ ಹೇಳದ್ದು ನಿಮಗೆ ಹೇಳುತ್ತೇನೆ. ಅವರು ಹೋಗುವ ಎರಡು ದಿನ ಮೊದಲು ಬೆಳಿಗ್ಗೆ, "ಇವತ್ತೊಂದಿನ ಪೂಜೆಗೆ ಜೊತೆಗೆ ಕೂರ್ತೀಯಾ?" ಅಂತ ಕೇಳಿದರು. "ಬಾಯಿ ಶುದ್ಧ ಇರೋರ ಜೊತೆ ಕೂರ್ತೀನಿ" ಅಂದೆ. ಹೂಂ ಅಂದು ಹೋದರು.

ನನ್ನ ಬಗ್ಗೆ ಅವರು ನಿಮ್ಮ ಹತ್ತಿರ ಎಂದಾದರೂ ಏನಾದರೂ ನೊಂದು ಆಡಿದ್ದರಾ? ಸಮಾಧಾನಕ್ಕೆ ಸುಳ್ಳು ಬರೆಯಬೇಡಿ. ನನಗೆ ನಿಜ ಬೇಕು.

ದಾಕ್ಷಾಯಿಣಿ


ಮೊಳಕಾಲ್ಮೂರು
30 ಸೆಪ್ಟೆಂಬರ್ 2024

ತಂಗೀ,

ನೀವು ಅಣ್ಣ ಅಂದಿರಿ, ಅದಕ್ಕೆ ಹೀಗೆ ಬರೆಯುವ ಧೈರ್ಯ ಬಂತು.

ನೀವು ಬರೆದ ರುಚಿಯನ್ನು ಎರಡು ಸಲ ಓದಿದೆ. ಬಾಯಲ್ಲಿ ನೀರೂರಲಿಲ್ಲ. ಹೆಲೆನ್‌ಳ ಅಪ್ಪನ ಕೆಲಸ ದೊಡ್ಡದು ಅನಿಸಿತು. ಅಷ್ಟೆ.

ಶ್ರೀವಾಣಿ ನಿನ್ನೆ ಬಂದಳು. ನನ್ನ ಕಡೆ ನೋಡಲಿಲ್ಲ. ಅಡಿಗೆ ಮಾಡಿದಳು, ಇಬ್ಬರಿಗೂ ಬಡಿಸಿದಳು, ಉಂಡಳು. ಹೋಗುವಾಗ ನೋಟ್‌ಬುಕ್ಕಿನಲ್ಲಿ ಬರೆದಳು: "ಕೋಪ ಇನ್ನೂ ಹೋಗಿಲ್ಲ. ಬರುವ ವಾರ ಬರ್ತೀನಿ." ನನಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿಲ್ಲ.

ನಿಮ್ಮ ಪ್ರಶ್ನೆಗೆ ನಿಜವನ್ನೇ ಬರೆಯುತ್ತೇನೆ. ಅವರು ನಿಮ್ಮನ್ನು ದೂರಿದ್ದು ನಾನು ಕೇಳಿಲ್ಲ. ನನಗೆ ಕಿವಿ ಇದ್ದಾಗಲೂ ಇಲ್ಲ, ಹೋದ ಮೇಲೆ ನೋಟ್‌ಬುಕ್ಕಿನಲ್ಲೂ ಇಲ್ಲ. ಆದರೆ ಒಂದು ಮಾತು ಇದೆ. ನಮ್ಮ ಮನೆಗೆ ಬಂದಾಗಲೆಲ್ಲ ಅವರು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದರು. ತನ್ನ ಕೈರುಚಿಗೆ ಅಂತ ಚಿತ್ತಮ್ಮನಿಗೆ ಹೆಮ್ಮೆ. ಒಂದು ದಿನ ನಾನು ತಮಾಷೆ ಮಾಡಿದೆ. ಅದಕ್ಕೆ ಅವರು, "ಒಬ್ಬನೇ ಕೂತು ಉಣ್ಣೋಕೆ ಸೇರಲ್ಲ ಕಣೋ ವೆಂಕಟೇಶ. ಇಲ್ಲಿ ನಾಲ್ಕು ಜನ ಅದೀರಲ್ಲ, ಅದಕ್ಕೆ ಎರಡು ತುತ್ತು ಹೆಚ್ಚಿಗೆ ಇಳಿತೈತೆ" ಅಂದರು. ಮನೆ ತುಂಬ ಜನ ಇರುವವರು ಒಬ್ಬರೇ ಯಾಕೆ ಉಣ್ಣುತ್ತಾರೆ ಅಂತ ನಾನು ಕೇಳಬೇಕಿತ್ತು. ಕೇಳಿದರೆ ಉತ್ತರ ನನ್ನ ಬುಡಕ್ಕೇ ಬರುತ್ತದೆ ಅಂತ ಒಳಗೆಲ್ಲೋ ಗೊತ್ತಿತ್ತು. ಕೇಳಲಿಲ್ಲ.

ಇದನ್ನು ಓದಿ ನಿಮಗೆ ನೋವಾಗುತ್ತದೆ. ಬರೆಯದೆ ಇರಲಾ ಅಂತ ಎರಡು ದಿನ ಯೋಚಿಸಿದೆ. ನನ್ನ ಒಂದು ಸುಳ್ಳು ಇಷ್ಟು ಮಾಡಿದ ಮೇಲೆ ಇನ್ನೊಂದು ಬೇಡ. ಆದರೆ ಪಡಸಾಲೆಯ ತಪ್ಪನ್ನು ನೀವೊಬ್ಬರೇ ಹೊರಬೇಡಿ. ಅರ್ಧಕ್ಕಿಂತ ಹೆಚ್ಚು ನನ್ನದು.

ಬರುವ ಸೋಮವಾರ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬರುತ್ತೇನೆ. ಮಲ್ಲಿಕ್‌ಗೆ ನಾನೇ ಹೇಳಬೇಕು, ನೀವು ಹೇಳಬೇಡಿ. ಅವರಪ್ಪನ ಹೆಸರು ಗೋಡೆಯ ಮೇಲೆ ಬರುವ ಮೊದಲು, ಅವರು ಎಂಥವರಾಗಿದ್ದರು ಅಂತ ಮಗನಿಗೆ ಗೊತ್ತಿರಬೇಕು. ಅವನು ಎಷ್ಟು ಬೈದರೂ ನಿಂತು ಬೈಸಿಕೊಳ್ಳುತ್ತೇನೆ. ಅದೆಲ್ಲ ಆದ ಮೇಲೂ ಈ ಮನುಷ್ಯನಿಗೆ ಒಂದು ಹೊತ್ತು ಅನ್ನ ಇಕ್ಕುವ ಮನಸ್ಸು ನಿಮಗಿದ್ದರೆ, ಉಂಡು ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.

ವೆಂಕಟೇಶಪ್ಪ